ಅಮೆರಿಕದ ಕ್ಯಾಲಮಜೂಗೆ ಓದಲು ಬರುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಒಬ್ಬ ಹಾಕಿ ಹುಚ್ಚನ ಬಹಿರಂಗ ಪತ್ರ

ಆಗಸ್ಟ್ 2025

ಪ್ರೀತಿಯ ಹುಡುಗ ಹುಡುಗಿಯರೇ,

ಇಲ್ಲಿಯ ವೆಸ್ಟರ್ನ್ ಮಿಷಿಗನ್ ಯೂನಿವರ್ಸಿಟಿಯ ಫಾಲ್ ಸೆಮಿಸ್ಟರ್ ಇನ್ನೇನು ಶುರುವಾಗುತ್ತದೆ. ಸೀನಿಯರ್‌ಗಳು ವಾಟ್ಸಾಪ್ ಗ್ರೂಪಿನಲ್ಲಿ ನಿಮಗೆ ಎಲ್ಲವನ್ನೂ ಹೇಳಿರುತ್ತಾರೆ. ಕುಕ್ಕರ್ ತನ್ನಿ, ಸಾರಿನ ಪುಡಿ ತನ್ನಿ, ದಪ್ಪ ಜಾಕೆಟ್ ಮಾತ್ರ ಇಲ್ಲೇ ಕೊಳ್ಳಿ. ಬ್ಯಾಂಕ್ ಖಾತೆ ಹೇಗೆ ತೆರೆಯಬೇಕು, ಇಂಡಿಯನ್ ಸ್ಟೋರಿಗೆ ಯಾವ ಬಸ್ಸು ಹೋಗುತ್ತದೆ, ಯಾವ ಅಪಾರ್ಟ್‌ಮೆಂಟಿನಲ್ಲಿ ಹೀಟರ್ ಕೈಕೊಡುತ್ತದೆ, ಎಲ್ಲ. ಅದನ್ನು ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಆ ಪಟ್ಟಿಯಲ್ಲಿ ಯಾರೂ ಸೇರಿಸದ ಒಂದು ಮಾತು ಹೇಳಬೇಕು ಅಷ್ಟೇ. ನೀವು ಸೇರುತ್ತಿರುವ ಕಾಲೇಜಿನ ಐಸ್ ಹಾಕಿ ತಂಡ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕಾಲೇಜು ಹಾಕಿಯ ಚಾಂಪಿಯನ್ ಆಯಿತು. ಅದರ ಪಂದ್ಯ ನೋಡಲು ಹೋಗಿ. ಏಪ್ರಿಲ್‌ನಲ್ಲಿ ಫೈನಲ್ ಬಂದಾಗ ಅಲ್ಲ. ಅಕ್ಟೋಬರ್‌ನಲ್ಲಿ, ಒಬ್ಬ ಆಟಗಾರನ ಹೆಸರೂ ಗೊತ್ತಿಲ್ಲದಾಗಲೇ ಹೋಗಿ.

ನಾನು ಇದೇ ಕಾಲೇಜಿನಲ್ಲಿ ಎಂ.ಎಸ್. ಮಾಡಿ, ಇದೇ ಊರಲ್ಲಿ ಕೆಲಸ ಹಿಡಿದು, ಇಲ್ಲೇ ಉಳಿದುಬಿಟ್ಟವನು. ನಮ್ಮವರು ಈ ಊರಿನಲ್ಲಿ ಚಳಿಗಾಲ ಹೇಗೆ ಕಳೆಯುತ್ತಾರೆ ಅಂತ ಚೆನ್ನಾಗಿ ಗೊತ್ತು. ನವೆಂಬರ್‌ನಲ್ಲಿ ಸಂಜೆ ಐದೂವರೆಗೆಲ್ಲ ಗಡಿಯಾರ ನೋಡಿ ‘ಅಯ್ಯೋ, ಆಗ್ಲೇ ಕತ್ತಲಾಯ್ತು’ ಅನ್ನುತ್ತಾರೆ. ಶುಕ್ರವಾರ ಸಂಜೆ ನಾಲ್ಕು ಜನ ಸೇರಿ ಚಿತ್ರಾನ್ನ ಮಾಡಿ, ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹಾಕಿಕೊಂಡು ಕೂರುತ್ತಾರೆ. ಅದೂ ಒಳ್ಳೆಯದೇ. ಆದರೆ ಅದೇ ಹೊತ್ತಿಗೆ ಕ್ಯಾಂಪಸ್ಸಿನ ಲಾಸನ್ ಅರೀನಾದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜನ ಎದ್ದು ನಿಂತು ಗಂಟಲು ಹರಿದುಕೊಳ್ಳುತ್ತಿರುತ್ತಾರೆ. ಆ ಗುಂಪಿನಲ್ಲಿ ನಮ್ಮ ಮುಖಗಳು ತೀರಾ ಕಮ್ಮಿ. ಇದು ನನಗೆ ಯಾವಾಗಲೂ ಬೇಜಾರು.

ಹಾಕಿ ಅಂದ ತಕ್ಷಣ ನಮಗೆ ಕೊಡಗಿನ ಮೈದಾನ ಕಣ್ಣಮುಂದೆ ಬರುತ್ತದೆ. ಇದು ಅದಲ್ಲ. ಕೈಯಲ್ಲಿ ಸ್ಟಿಕ್ ಇರುತ್ತದೆ, ಗೋಲ್ ಇರುತ್ತದೆ, ಹೋಲಿಕೆ ಅಲ್ಲಿಗೆ ಮುಗಿಯಿತು. ಕಾಲಡಿ ಮಂಜುಗಡ್ಡೆ, ಬೂಟಿನಡಿ ಸ್ಟೀಲಿನ ಬ್ಲೇಡು. ಚೆಂಡಿನ ಬದಲು ಪಕ್ ಅನ್ನುವ ಕರಿ ರಬ್ಬರ್ ಬಿಲ್ಲೆ, ತೂಕ ಸುಮಾರು 160ರಿಂದ 170 ಗ್ರಾಂ. ಐಸ್ ಮೇಲೆ ಪುಟಿಯದೆ ಜಾರಲಿ ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಒಂದೊಂದು ಕಡೆ ಐದು ಜನ ಮತ್ತು ಒಬ್ಬ ಗೋಲ್‌ಕೀಪರ್. 20 ನಿಮಿಷದ ಮೂರು ಪಿರಿಯಡ್. ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು, ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಶುರುವಿಗೆ ಇಷ್ಟು ಗೊತ್ತಿದ್ದರೆ ಸಾಕು. ಆಫ್‌ಸೈಡು, ಐಸಿಂಗು ಎಲ್ಲ ಪಕ್ಕದಲ್ಲಿ ಕೂತ ಅಜ್ಜ ಹೇಳಿಕೊಡುತ್ತಾನೆ. ಲಾಸನ್‌ನಲ್ಲಿ ಅಂಥ ಒಬ್ಬ ಅಜ್ಜ ಪ್ರತಿ ಸಾಲಿನಲ್ಲೂ ಸಿಗುತ್ತಾನೆ, ನೀವು ಕೇಳದೇ ಇದ್ದರೂ ಹೇಳಿಕೊಡುತ್ತಾನೆ.

ಈ ತಂಡದ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಇಲ್ಲದಿದ್ದರೆ ಕಳೆದ ಸೀಸನ್ ಏನಾಯಿತು ಅಂತ ನಿಮಗೆ ತಿಳಿಯುವುದಿಲ್ಲ.

ವೆಸ್ಟರ್ನ್ ಮಿಷಿಗನ್ 1970ರ ದಶಕದಿಂದ ಡಿವಿಷನ್ 1ರಲ್ಲಿ, ಅಂದರೆ ಕಾಲೇಜು ಆಟದ ಮೇಲಿನ ದರ್ಜೆಯಲ್ಲಿ, ಹಾಕಿ ಆಡುತ್ತಿದೆ. ಲಾಸನ್ ಅರೀನಾ ಬಾಗಿಲು ತೆರೆದದ್ದು 1974ರಲ್ಲಿ. ಇದೇ ರಾಜ್ಯದಲ್ಲಿ ಮಿಷಿಗನ್ ಯೂನಿವರ್ಸಿಟಿ ಇದೆ, ಮಿಷಿಗನ್ ಸ್ಟೇಟ್ ಇದೆ. ಎರಡೂ ದೊಡ್ಡ ಹೆಸರು, ದೊಡ್ಡ ದುಡ್ಡು, ಕಪಾಟಿನ ತುಂಬ ಕಪ್‌ಗಳು. ನಮ್ಮದು ಅವೆರಡರ ನೆರಳಿನಲ್ಲಿ ಬೆಳೆದ ತಂಡ. ರಾಷ್ಟ್ರೀಯ ಟೂರ್ನಿಗೆ ಆಗೊಮ್ಮೆ ಈಗೊಮ್ಮೆ ಹೋಗುತ್ತಿತ್ತು, ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬರುತ್ತಿತ್ತು. ಆ ಟೂರ್ನಿಯಲ್ಲಿ ಮೊಟ್ಟಮೊದಲ ಗೆಲುವು ಸಿಕ್ಕಿದ್ದೇ 2022ರಲ್ಲಿ, ನಾರ್ತ್‌ಈಸ್ಟರ್ನ್ ಮೇಲೆ, ಓವರ್‌ಟೈಮ್‌ನಲ್ಲಿ 2-1. ಆಮೇಲೆ 2023ರಲ್ಲಿ ಬಾಸ್ಟನ್ ಯೂನಿವರ್ಸಿಟಿ ನಮ್ಮನ್ನು 5-1ರಿಂದ ಬಡಿದು ಹಾಕಿತು. 2024ರಲ್ಲಿ ಮಿಷಿಗನ್ ಸ್ಟೇಟ್ ಎದುರು ಓವರ್‌ಟೈಮ್‌ನಲ್ಲಿ ಸೋತೆವು. ಹೀಗಾಗಿ 2024ರ ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ನಮ್ಮ ಆಸೆ ಬಹಳ ಸಣ್ಣದು. ‘ಟೂರ್ನಿಗೆ ಹೋಗಲಿ, ಒಂದು ಪಂದ್ಯ ಗೆಲ್ಲಲಿ, ಸಾಕಪ್ಪ’ ಅಂತ ಇದ್ದೆವು.

ಆ ಸಣ್ಣ ಆಸೆ ಇಟ್ಟುಕೊಂಡು ನೋಡಿದ್ದೇ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ.

ಕಾಲೇಜು ಹಾಕಿಯಲ್ಲಿ ಸಾಮಾನ್ಯವಾಗಿ ಶುಕ್ರವಾರ ಒಂದು ಪಂದ್ಯ, ಶನಿವಾರ ಒಂದು, ಅದೇ ಎರಡು ತಂಡಗಳ ನಡುವೆ. ಶುಕ್ರವಾರ ಒದೆ ತಿಂದವರು ಶನಿವಾರ ಲೆಕ್ಕ ಚುಕ್ತಾ ಮಾಡಲು ಬರುತ್ತಾರೆ. ಹಾಗಾಗಿ ಶನಿವಾರದ ಪಂದ್ಯಕ್ಕೆ ಯಾವಾಗಲೂ ಖಾರ ಜಾಸ್ತಿ. ಒಂದೇ ದಿನ ಹೋಗಲು ಆಗುವುದಾದರೆ ಶನಿವಾರ ಹೋಗಿ ಅಂತ ನನ್ನ ಸಲಹೆ.

ಈಗ ಒಂದು ಚಿಕ್ಕ ವಿಷಯ ಹೇಳುತ್ತೇನೆ, ಟಿವಿಯಲ್ಲಿ ಇದು ಕಾಣುವುದೇ ಇಲ್ಲ. ಆಟ ನಿಂತಾಗಲೆಲ್ಲ ಮತ್ತೆ ಶುರುವಾಗುವುದು ಫೇಸ್-ಆಫ್‌ನಿಂದ. ಎರಡು ಕಡೆಯ ಸೆಂಟರ್ ಆಟಗಾರರು ಎದುರುಬದುರು ಬಗ್ಗಿ ನಿಲ್ಲುತ್ತಾರೆ, ಲೈನ್ಸ್‌ಮನ್ (ಸಹಾಯಕ ರೆಫರಿ) ನಡುವೆ ಪಕ್ ಬಿಡುತ್ತಾನೆ. ಕಳೆದ ಸೀಸನ್ ನಮ್ಮ ನಾಯಕ ಟಿಮ್ ವಾಶ್ ಈ ಕೆಲಸದಲ್ಲಿ ಪಳಗಿದ ಕೈ. ನಾನು ಗಾಜಿನ ಹತ್ತಿರ ಸೀಟು ಸಿಕ್ಕಾಗಲೆಲ್ಲ ಅವರನ್ನೇ ನೋಡುತ್ತಿದ್ದೆ. ಎದುರಾಳಿಯ ಮುಖ ನೋಡುವುದಿಲ್ಲ, ಲೈನ್ಸ್‌ಮನ್ ಕೈ ಮಾತ್ರ ನೋಡುತ್ತಾರೆ. ಸ್ಟಿಕ್ಕಿನ ತುದಿಯ ಹತ್ತಿರಕ್ಕೆ ಕೈ ಇಳಿಸಿ ಹಿಡಿದಿರುತ್ತಾರೆ. ಪಕ್ ಬಿಡುವ ಮೊದಲೇ ಆತುರಪಟ್ಟರೆ ಲೈನ್ಸ್‌ಮನ್ ಆಚೆ ಕಳಿಸುತ್ತಾನೆ, ಬೇರೆಯವನು ಬಂದು ನಿಲ್ಲಬೇಕು. ಅಂದರೆ ಕಣ್ಣು ರೆಪ್ಪೆ ಬಡಿಯುವಷ್ಟೂ ಮುಂಚೆ ಹೋಗಬಾರದು, ಅಷ್ಟೂ ತಡ ಆಗಬಾರದು. ಟಕ್ ಅಂತ ಒಂದು ಸದ್ದು. ನೋಡುವಷ್ಟರಲ್ಲಿ ಪಕ್ ಹಿಂದೆ ನಿಂತ ನಮ್ಮ ಡಿಫೆನ್ಸ್‌ಮನ್ ಹತ್ತಿರ ಇರುತ್ತದೆ. ಇಡೀ ರಾತ್ರಿ ಇದು ಹತ್ತಾರು ಸಲ ನಡೆಯುತ್ತದೆ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಕೊನೆಯ ನಿಮಿಷದಲ್ಲಿ ಒಂದು ಗೋಲು ಮುಂದಿದ್ದು ನಮ್ಮ ಗೋಲಿನ ಮುಂದೆಯೇ ಫೇಸ್-ಆಫ್ ಬಿದ್ದರೆ, ಇಡೀ ಅರೀನಾಗೆ ಆ ಟಕ್ ಸದ್ದಿನ ಬೆಲೆ ಗೊತ್ತಾಗುತ್ತದೆ.

ವಾಶ್ ಐದನೆಯ ವರ್ಷ ಆಡುತ್ತಿದ್ದರು. ಸಾಮಾನ್ಯವಾಗಿ ಕಾಲೇಜು ಆಟಗಾರನಿಗೆ ಸಿಗುವುದು ನಾಲ್ಕೇ ಸೀಸನ್. ಕೋವಿಡ್ ಕಾಲದ 2020-21ನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಾದ್ದರಿಂದ ಅವರ ಬ್ಯಾಚಿಗೆ ಒಂದು ವರ್ಷ ಜಾಸ್ತಿ ಸಿಕ್ಕಿತು. ಆ ಒಂದು ವರ್ಷ ಇಲ್ಲದಿದ್ದರೆ ಈ ಕಪ್ ಬರುತ್ತಿತ್ತೋ ಇಲ್ಲವೋ, ನನಗೆ ಅನುಮಾನ ಇದ್ದೇ ಇದೆ.

ಇನ್ನು ಗೋಲ್‌ಕೀಪರ್ ಹ್ಯಾಂಪ್ಟನ್ ಸ್ಲುಕಿನ್‌ಸ್ಕಿ. ಮೊದಲ ವರ್ಷದ ಹುಡುಗ, ಮಿನ್ನೆಸೋಟದ ವಾರೋಡ್ ಅನ್ನುವ ಪುಟ್ಟ ಊರಿನವನು. ಅವನ ಅಣ್ಣ ಗ್ರಾಂಟ್ ಅದೇ ತಂಡದಲ್ಲಿ ಫಾರ್ವರ್ಡ್. ಪ್ರತಿ ಪಿರಿಯಡ್ ಶುರುವಾಗುವ ಮುಂಚೆ ಹ್ಯಾಂಪ್ಟನ್ ಗೋಲಿನ ಮುಂದೆ ಅತ್ತಿಂದಿತ್ತ ಜಾರುತ್ತ ಬ್ಲೇಡಿನಿಂದ ಐಸ್ ಕೆರೆಯುತ್ತಾನೆ. ಹೊಸದಾಗಿ ಹರಡಿದ ಐಸ್ ಗಾಜಿನ ಹಾಗೆ ಇರುತ್ತದೆ, ಕಾಲು ನಿಲ್ಲುವುದಿಲ್ಲ, ಅದಕ್ಕೆ. ಎಲ್ಲ ಗೋಲ್‌ಕೀಪರ್‌ಗಳೂ ಮಾಡುವ ಕೆಲಸ ಇದು. ಆದರೆ ಈತ ಮಾಡುವಾಗ ಒಂಚೂರೂ ಅವಸರ ಇರುವುದಿಲ್ಲ. ಎದುರಾಳಿ ನೇರ ಎದುರಿಗೆ ಬಂದಾಗಲೂ ಅಷ್ಟೇ. ಗಾಬರಿ ಬೀಳುವ ಕೆಲಸವನ್ನೆಲ್ಲ ನಮಗೆ ಬಿಟ್ಟುಕೊಟ್ಟಿದ್ದ.

ಲಾಸನ್ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನೋಡಲು ಅದೇನೂ ಚಂದದ ಕಟ್ಟಡ ಅಲ್ಲ. ತಗ್ಗು ಚಾವಣಿ, ಇಕ್ಕಟ್ಟಾದ ಕಾರಿಡಾರು. ಆ ತಗ್ಗು ಚಾವಣಿಯೇ ಅದರ ಗುಟ್ಟು. ಕೂಗಿದ್ದು ಎಲ್ಲೂ ಹೋಗುವುದಿಲ್ಲ, ಅಲ್ಲೇ ತಿರುಗಿ ಬಂದು ಬಡಿಯುತ್ತದೆ. ವಿದ್ಯಾರ್ಥಿಗಳ ಗುಂಪಿಗೆ ಲಾಸನ್ ಲೂನಟಿಕ್ಸ್ ಅಂತ ಹೆಸರು. ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಾರೆ. ಅವರ ಕೆಲವು ಘೋಷಣೆಗಳನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆದರೆ ನಿಮ್ಮ ಅಪ್ಪ ಅಮ್ಮ ಫೀಸ್ ಕಟ್ಟುವ ಮುಂಚೆ ಇನ್ನೊಂದು ಸಲ ಯೋಚನೆ ಮಾಡುತ್ತಾರೆ. ಕೆಲವು ನನಗೂ ಹಿಡಿಸುವುದಿಲ್ಲ. ಹದಿನೆಂಟು ವರ್ಷದ ಹುಡುಗನನ್ನು ಹಾಗೆಲ್ಲ ಬಯ್ಯಬಾರದು. ಆದರೆ ಬ್ಯಾಂಡಿನವರು ಬಾರಿಸಲು ಶುರುಮಾಡಿ, ಎಲ್ಲರೂ ಒಟ್ಟಿಗೆ ಕುಣಿದಾಗ ಮೆಟ್ಟಿಲು ನಡುಗುವುದು ಕಾಲಿಗೆ ತಾಕುತ್ತದೆ. ಅದನ್ನು ಲ್ಯಾಪ್‌ಟಾಪಿನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಲು ಆಗುವುದಿಲ್ಲ.

ಚಳಿಗಾಲ ಮುಂದುವರಿದ ಹಾಗೆ ನಮ್ಮ ಸಣ್ಣ ಆಸೆ ದೊಡ್ಡದಾಗುತ್ತ ಹೋಯಿತು. ನಾವಿರುವ ಎನ್‌ಸಿಎಚ್‌ಸಿ (ನ್ಯಾಷನಲ್ ಕಾಲೇಜಿಯೇಟ್ ಹಾಕಿ ಕಾನ್ಫರೆನ್ಸ್) ಗುಂಪು ದೇಶದಲ್ಲೇ ಕಷ್ಟದ್ದು. ಡೆನ್ವರ್, ನಾರ್ತ್ ಡಕೋಟ, ಮಿನ್ನೆಸೋಟ ಡುಲುತ್ ಎಲ್ಲ ಅಲ್ಲೇ ಇವೆ, ಒಂದೊಂದರ ಹತ್ತಿರವೂ ಹಲವು ರಾಷ್ಟ್ರೀಯ ಕಪ್ಪುಗಳಿವೆ. ಆ ಗುಂಪಿನ ಲೀಗ್ ಹಂತವನ್ನು ವೆಸ್ಟರ್ನ್ ಮೊದಲ ಸಲ ಗೆದ್ದಿತು. ಅದರ ಟ್ರೋಫಿಗೆ ಪೆನ್ರೋಸ್ ಕಪ್ ಅಂತ ಹೆಸರು. ಮಾರ್ಚ್‌ನಲ್ಲಿ ಸೇಂಟ್ ಪಾಲ್‌ನಲ್ಲಿ ಗುಂಪಿನ ಟೂರ್ನಿಯ ಫೈನಲ್. ಎದುರಿಗೆ ಡೆನ್ವರ್, ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್. ಎರಡನೆಯ ಓವರ್‌ಟೈಮ್‌ನಲ್ಲಿ 4-3ರಿಂದ ಗೆದ್ದೆವು.

ಈ ಓವರ್‌ಟೈಮ್ ವಿಷಯ ಕೇಳಿ. ಲೀಗ್ ಪಂದ್ಯದಲ್ಲಿ ಸಮ ಆದರೆ ಐದು ನಿಮಿಷ, ಮೂರು ಮೂರು ಜನ ಆಡುತ್ತಾರೆ. ನನಗೆ ಅದು ಇಷ್ಟ ಇಲ್ಲ, ಸರ್ಕಸ್ ನೋಡಿದ ಹಾಗೆ ಇರುತ್ತದೆ. ನಾಕೌಟ್‌ನಲ್ಲಿ ಹಾಗಲ್ಲ. ಐದು ಐದು ಜನ, 20 ನಿಮಿಷ, ಯಾರು ಮೊದಲು ಗೋಲು ಹೊಡೆದರೋ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಇನ್ನೊಂದು 20 ನಿಮಿಷ. ಅದೂ ಆಗದಿದ್ದರೆ ಮತ್ತೆ. ಅರ್ಧರಾತ್ರಿ ಆದರೂ ಬಿಡುವುದಿಲ್ಲ. ಕ್ರಿಕೆಟ್‌ನ ಸೂಪರ್ ಓವರಿನಲ್ಲಿ ಕೊನೇಪಕ್ಷ ಎಷ್ಟು ಚೆಂಡು ಉಳಿದಿದೆ ಅಂತ ಗೊತ್ತಿರುತ್ತದೆ. ಇಲ್ಲಿ ಯಾವ ಕ್ಷಣದಲ್ಲಿ ಬೇಕಾದರೂ ಎಲ್ಲ ಮುಗಿಯಬಹುದು.

ರಾಷ್ಟ್ರೀಯ ಟೂರ್ನಿಗೆ 16 ತಂಡ. ನಾಲ್ಕು ಊರುಗಳಲ್ಲಿ ನಾಲ್ಕು ನಾಲ್ಕು ತಂಡ ಹಂಚುತ್ತಾರೆ, ಒಂದೊಂದು ಕಡೆಯಿಂದ ಒಂದು ತಂಡ ಕೊನೆಯ ನಾಲ್ಕಕ್ಕೆ, ಅಂದರೆ ಫ್ರೋಜನ್ ಫೋರ್‌ಗೆ ಹೋಗುತ್ತದೆ. ವೆಸ್ಟರ್ನ್‌ಗೆ ತಾನಿದ್ದ ನಾಲ್ಕು ತಂಡಗಳಲ್ಲಿ ಮೊದಲ ಶ್ರೇಯಾಂಕ ಸಿಕ್ಕಿತು. ಅಷ್ಟು ಚೆನ್ನಾಗಿ ಆಡಿದ್ದಕ್ಕೆ ಬಹುಮಾನ ಏನು ಗೊತ್ತೇ? ನಾರ್ತ್ ಡಕೋಟದ ಫಾರ್ಗೋಗೆ ಹೋಗಿ ಆಡಿ ಅಂದರು. ಇಲ್ಲಿಂದ ರಸ್ತೆಯಲ್ಲಿ 1,200 ಕಿ.ಮೀ.ಗೂ ಜಾಸ್ತಿ. ಇಡೀ ಚಳಿಗಾಲ ಲಾಸನ್‌ನಲ್ಲಿ ಕೂಗಿದ ವಿದ್ಯಾರ್ಥಿಗಳು ಟೂರ್ನಿಯ ಮೊದಲ ಪಂದ್ಯವನ್ನು ಹಾಸ್ಟೆಲಿನ ಟಿವಿಯಲ್ಲಿ ನೋಡಬೇಕು. ಹೆಚ್ಚು ಶ್ರೇಯಾಂಕದ ತಂಡಕ್ಕೆ ಅದರ ಕ್ಯಾಂಪಸ್ಸಿನಲ್ಲೇ ಆಡಿಸಿ ಅಂತ ಕಾಲೇಜು ಹಾಕಿಯವರು ಎಷ್ಟೋ ವರ್ಷದಿಂದ ಜಗಳ ಆಡುತ್ತಿದ್ದಾರೆ. ಹೆಂಗಸರ ಟೂರ್ನಿಯಲ್ಲಿ ಹಾಗೇ ಮಾಡುತ್ತಾರೆ. ಫುಟ್‌ಬಾಲ್‌ನವರೂ 2024ರ ಡಿಸೆಂಬರ್‌ನಲ್ಲಿ ಪ್ಲೇಆಫ್‌ನ ಮೊದಲ ಸುತ್ತನ್ನು ಕ್ಯಾಂಪಸ್ಸಿಗೆ ತಂದರು. ಗಂಡಸರ ಹಾಕಿಗೆ ಮಾತ್ರ ಏನು ಕಾಯಿಲೆಯೋ. ಇದು ನಿಮಗೆ ಬರೆದ ಪತ್ರ, ಹಾಕಿ ಕಮಿಟಿಗೆ ಅಲ್ಲ, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಫಾರ್ಗೋದಲ್ಲಿ ಮಿನ್ನೆಸೋಟ ಸ್ಟೇಟ್ ಎದುರು ಓವರ್‌ಟೈಮ್‌ನಲ್ಲಿ 2-1. ಯುಮ್ಯಾಸ್ (ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ) ಎದುರು ಮತ್ತೆ 2-1. ವೆಸ್ಟರ್ನ್ ಮೊದಲ ಸಲ ಫ್ರೋಜನ್ ಫೋರ್‌ಗೆ ಹೋಯಿತು.

ಅದು ಸೇಂಟ್ ಲೂಯಿಸ್‌ನಲ್ಲಿ, ಕ್ಯಾಲಮಜೂದಿಂದ ಸುಮಾರು 700 ಕಿ.ಮೀ. ಏಪ್ರಿಲ್ 10ರ ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಡೆನ್ವರ್. ನಾವು 2-0 ಮುಂದಿದ್ದೆವು. ಡೆನ್ವರ್ ಬಿಡುವ ತಂಡ ಅಲ್ಲ, ಕೊನೆಯಲ್ಲಿ ಸಮ ಮಾಡಿತು. ಒಂದು ಓವರ್‌ಟೈಮ್ ಗೋಲಿಲ್ಲದೆ ಮುಗಿಯಿತು. ಎರಡನೆಯದು ಶುರುವಾಗಿ 26 ಸೆಕೆಂಡಿಗೆ ಓವನ್ ಮೈಕಲ್ಸ್ ಗೋಲು ಹೊಡೆದರು. ನೀರು ಕುಡಿಯಲು ಎದ್ದವರು ಅಡುಗೆಮನೆಯಿಂದ ವಾಪಸ್ ಬರುವಷ್ಟರಲ್ಲಿ ಮುಗಿದಿತ್ತು. ಮೈಕಲ್ಸ್ ಎರಡನೆಯ ವರ್ಷದ ಆಟಗಾರ. ಇಲ್ಲಿಯ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ಯಾವುದೂ ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್‌ನಲ್ಲಿ ಆರಿಸದೇ ಬಿಟ್ಟವರು.

ಏಪ್ರಿಲ್ 12, ಶನಿವಾರ, ಫೈನಲ್. ಎದುರಿಗೆ ಬಾಸ್ಟನ್ ಯೂನಿವರ್ಸಿಟಿ, ಐದು ಸಲ ಚಾಂಪಿಯನ್, ಎರಡು ವರ್ಷದ ಹಿಂದೆ ನಮ್ಮನ್ನು 5-1ರಿಂದ ಬಡಿದ ಅದೇ ತಂಡ. ಈ ಸಲ 6-2. ನಮ್ಮ ಕಡೆಗೆ. ಮೈಕಲ್ಸ್ ಟೂರ್ನಿಯ ಅತ್ಯುತ್ತಮ ಆಟಗಾರ. ಸೀಸನ್ನಿನ ಲೆಕ್ಕ: 42 ಪಂದ್ಯ, 34 ಗೆಲುವು, 7 ಸೋಲು, 1 ಸಮ. ಈ ಯೂನಿವರ್ಸಿಟಿಯ ಯಾವುದೇ ತಂಡ ಇದಕ್ಕೆ ಮುಂಚೆ ರಾಷ್ಟ್ರೀಯ ಕಪ್ ಗೆದ್ದದ್ದು 1965ರಲ್ಲಿ, ಕ್ರಾಸ್ ಕಂಟ್ರಿ ಓಟದಲ್ಲಿ. ಕೋಚ್ ಪ್ಯಾಟ್ ಫೆರ್ಶ್‌ವೈಲರ್ ಇದೇ ಕಾಲೇಜಿಗೆ ಆಡಿದವರು, 2021ರಲ್ಲಿ ಮುಖ್ಯ ಕೋಚ್ ಆದವರು. ಅವರಿಗೆ ಎಷ್ಟು ಖುಷಿ ಆಗಿರಬೇಡ!

ಫೈನಲ್ ಆದ ಮೇಲೆ ಫೋನ್ ಮಾಡಿದ ನಮ್ಮವರು ಬಹಳ ಜನ. ‘ನಿಮ್ಮ ಕಾಲೇಜು ಗೆದ್ದಿತಂತೆ?’ ಅಂತ ಡೆಟ್ರಾಯಿಟ್ ಕಡೆಯ ಪಂಪ ಕನ್ನಡ ಕೂಟದ ಸ್ನೇಹಿತರೂ ಕೇಳಿದರು. ಇಲ್ಲೇ ಓದುವ ನಮ್ಮ ಕೆಲವು ಹುಡುಗರು ಆವತ್ತೇ ಟೀ-ಶರ್ಟ್ ಆರ್ಡರ್ ಮಾಡಿದರು. ತಪ್ಪೇನಿಲ್ಲ. ಆದರೆ ಅವರಲ್ಲಿ ಒಬ್ಬ ನನ್ನ ಹತ್ತಿರ ‘ಮುಂದಿನ ಸೀಸನ್ ಖಂಡಿತ ಬರ್ತೀನಿ ಅಣ್ಣ, ಈ ತಂಡನ ನೋಡಲೇಬೇಕು’ ಅಂದ. ಆಗ ಈ ಪತ್ರ ಬರೆಯಬೇಕು ಅನಿಸಿದ್ದು. ಯಾಕೆಂದರೆ ಆ ತಂಡ ಆಗಲೇ ಇರಲಿಲ್ಲ.

ವಾಶ್ ಕಪ್ ಎತ್ತಿದ ಕೆಲವೇ ದಿನದಲ್ಲಿ ಎನ್‌ಎಚ್‌ಎಲ್‌ನ ಅನಹೈಮ್ ಡಕ್ಸ್ ಜೊತೆ ಸಹಿ ಹಾಕಿದರು. ತಂಡದಲ್ಲಿ ಅತಿ ಹೆಚ್ಚು ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ಗಳಿಸಿದ ಅಲೆಕ್ಸ್ ಬಂಪ್ ಫಿಲಡೆಲ್ಫಿಯಾ ಫ್ಲೈಯರ್ಸ್‌ಗೆ ಹೋದರು. ಕೊನೆಯ ವರ್ಷದವರು ಪದವಿ ಮುಗಿಸಿ ಹೊರಟರು. ಸ್ಲುಕಿನ್‌ಸ್ಕಿ ಮತ್ತು ಮೈಕಲ್ಸ್ 2025-26ರ ಸೀಸನ್‌ಗೆ ಉಳಿದರು, ಅದು ನಮ್ಮ ಪುಣ್ಯ. ಆದರೆ ಏಪ್ರಿಲ್ 12ರ ರಾತ್ರಿ ಐಸ್ ಮೇಲೆ ಹೆಲ್ಮೆಟ್ ಎಸೆದು ಒಬ್ಬರ ಮೇಲೊಬ್ಬರು ಬಿದ್ದರಲ್ಲ, ಅಷ್ಟೂ ಜನ ಮತ್ತೆ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಕಾಲೇಜು ತಂಡದ ಆಯಸ್ಸು ಒಂದೇ ಸೀಸನ್. ಅಕ್ಟೋಬರ್‌ನಲ್ಲಿ ಹುಟ್ಟುತ್ತದೆ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಮುಂದಿನ ವರ್ಷ ಅದೇ ಬಣ್ಣದ ಜೆರ್ಸಿ ಹಾಕಿಕೊಂಡು ಬರುವುದು ಬೇರೆ ತಂಡ.

ಆರ್‌ಸಿಬಿ ಅಭಿಮಾನಿಗಳಿಗೆ ಇದು ಅರ್ಥ ಆಗುವುದು ಸ್ವಲ್ಪ ಕಷ್ಟ. ನಾನೂ ಆ ಪಾರ್ಟಿಯವನೇ. ವೆಸ್ಟರ್ನ್ ಮೊದಲ ಕಪ್ ಗೆದ್ದ ಎರಡು ತಿಂಗಳಿಗೆ, ಜೂನ್ 3ರಂದು, ಆರ್‌ಸಿಬಿಯೂ ಮೊದಲ ಐಪಿಎಲ್ ಕಪ್ ಗೆದ್ದಿತು. ಒಂದೇ ವರ್ಷ ಎರಡೂ! ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದನ್ನು ಹೇಳದೆ ಆ ಕಪ್ಪಿನ ಮಾತು ಎತ್ತಲು ನನಗೆ ಬಾಯಿ ಬರುವುದಿಲ್ಲ. ನಾನು ಹೇಳಹೊರಟಿದ್ದು ಬೇರೆ. ಕೊಹ್ಲಿ 18 ಸೀಸನ್ ಒಂದೇ ತಂಡಕ್ಕೆ ಆಡಿದರು. ‘ಈ ಸಲ ಆಗದಿದ್ದರೆ ಮುಂದಿನ ಸಲ’ ಅಂತ ನಾವು 17 ಸಲ ಹೇಳಿಕೊಂಡೆವು, ಅವರು ಪ್ರತಿ ಸಲ ಅಲ್ಲೇ ಇದ್ದರು. ಕಾಲೇಜು ಹಾಕಿಯಲ್ಲಿ ಹಾಗೆ ಕಾಯಲು ಬರುವುದಿಲ್ಲ. ನಿಮಗೆ ಇಷ್ಟವಾದ ಹುಡುಗ ಮುಂದಿನ ವರ್ಷ ಎನ್‌ಎಚ್‌ಎಲ್‌ನಲ್ಲಿ ಇರಬಹುದು, ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗಿರಬಹುದು, ಅಥವಾ ಆಟ ಬಿಟ್ಟು ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಿರಬಹುದು.

ಅದರಲ್ಲೂ ಈ ಸೀಸನ್‌ನಿಂದ ಇನ್ನೂ ಜಾಸ್ತಿ ಬದಲಾಗುತ್ತದೆ. ಕೆನಡಾದ ದೊಡ್ಡ ಜೂನಿಯರ್ ಲೀಗುಗಳಲ್ಲಿ ಆಡಿದವರಿಗೆ ಇಲ್ಲಿಯವರೆಗೆ ಅಮೆರಿಕದ ಕಾಲೇಜಿನಲ್ಲಿ ಆಡಲು ಬಿಡುತ್ತಿರಲಿಲ್ಲ, ಅವರನ್ನು ವೃತ್ತಿಪರರು ಅಂತ ಲೆಕ್ಕ ಹಾಕುತ್ತಿದ್ದರು. 2025ರ ಆಗಸ್ಟ್ 1ರಿಂದ ಆ ಅಡ್ಡಿ ಹೋಯಿತು. ಗ್ಯಾವಿನ್ ಮೆಕೆನ್ನಾ ಅನ್ನುವ ಹದಿಹರೆಯದ ಸ್ಟಾರ್ ಆ ವರ್ಷವೇ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ. ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡುವುದೂ 2025ರ ಜುಲೈಯಿಂದ ಶುರುವಾಗಿದೆ. ದೊಡ್ಡ ಜೇಬಿನ ಕಾಲೇಜುಗಳಿಗೆ ಇದರಿಂದ ಲಾಭ. ವೆಸ್ಟರ್ನ್‌ನಂಥ ಕಾಲೇಜು ಇನ್ನು ಮುಂದೆ ಇಂಥ ಕಪ್ ಗೆಲ್ಲುವುದು ಸುಲಭ ಆಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಆಟಗಾರರಿಗೆ ದುಡ್ಡು ಸಿಗುವುದು ನ್ಯಾಯವೇ, ಅದಕ್ಕೆ ನನ್ನ ತಕರಾರಿಲ್ಲ. ಹಲ್ಲು ಕಳೆದುಕೊಳ್ಳುವವರು ಅವರು, ನಾವಲ್ಲ. (ಸುಮ್ನೆ ಹೇಳಿದೆ, ಹೆದರಬೇಡಿ. ಕಾಲೇಜು ಹಾಕಿಯಲ್ಲಿ ಮುಖ ಪೂರ್ತಿ ಮುಚ್ಚುವ ಕವಚ ಕಡ್ಡಾಯ. ಹೊಡೆದಾಟಕ್ಕೆ ಇಳಿದವನನ್ನು ಪಂದ್ಯದಿಂದಲೇ ಆಚೆ ಹಾಕುತ್ತಾರೆ.)

ಲಾಸನ್ ಕೂಡ ಉಳಿಯುವುದಿಲ್ಲ. ಡೌನ್‌ಟೌನ್‌ನಲ್ಲಿ ದೊಡ್ಡ ಹೊಸ ಅರೀನಾ ಏಳುತ್ತಿದೆ, 2027ರಲ್ಲಿ ಹಾಕಿ, ಬಾಸ್ಕೆಟ್‌ಬಾಲ್ ಎಲ್ಲ ಅಲ್ಲಿಗೆ ಹೋಗಲಿವೆ. ಖಾಸಗಿ ದುಡ್ಡಿನಲ್ಲಿ ಕಟ್ಟುತ್ತಿದ್ದಾರೆ, ಊರಿಗೆ ಒಳ್ಳೆಯದಾಗಬಹುದು. ಸೀಟು ಮೆತ್ತಗಿರುತ್ತದೆ, ಸ್ಕ್ರೀನ್ ದೊಡ್ಡದಿರುತ್ತದೆ, ಶೌಚಾಲಯದ ಕ್ಯೂ ಚಿಕ್ಕದಿರುತ್ತದೆ. ಆದರೆ ಈಗ ತರಗತಿ ಮುಗಿಸಿ ಬ್ಯಾಗ್ ಹೊತ್ತುಕೊಂಡೇ ನಡೆದು ಹೋಗಿ ನಿಲ್ಲಬಹುದು. ಆ ಅನುಕೂಲ ಇನ್ನು ಎರಡೇ ಚಳಿಗಾಲ. ಎರಡು ವರ್ಷದ ಎಂ.ಎಸ್.ಗೆ ಬರುವವರಿಗೆ ಲೆಕ್ಕ ಸರಿಯಾಗಿ ಹೊಂದುತ್ತದೆ, ಅಲ್ವಾ?

ನೀವು ಏನೇನು ನೆಪ ಹೇಳುತ್ತೀರಿ ಅಂತಲೂ ಗೊತ್ತು. ಅಸೈನ್‌ಮೆಂಟ್ ಇದೆ ಅನ್ನುತ್ತೀರಿ. ಎಲ್ಲರಿಗೂ ಇದೆ, ಐಸ್ ಮೇಲೆ ಇರುವವರಿಗೂ ಇದೆ. ಅವರೂ ನಿಮ್ಮ ಜೊತೆ ಅದೇ ಕ್ಯಾಂಪಸ್ಸಿನಲ್ಲಿ ತರಗತಿಗೆ ಹೋಗುತ್ತಾರೆ. ‘ಅದು ನಮ್ಮ ಆಟ ಅಲ್ಲ’ ಅನ್ನುವವರೂ ಇದ್ದಾರೆ. ಫಿನ್ಲೆಂಡಿನಿಂದ ಬಂದ ನಮ್ಮ ಆಟಗಾರ ಈರೋ ಹಕ್ಕರೈನನ್ ಹೆಸರನ್ನು ಕ್ಯಾಲಮಜೂದ ಜನ ಒಂದೇ ಚಳಿಗಾಲದಲ್ಲಿ ತಮ್ಮ ಮನೆಮಗನ ಹೆಸರಿನ ಹಾಗೆ ಕೂಗಲು ಕಲಿತರು. ಆಟ ಯಾರದ್ದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನು ಒಬ್ಬರೇ ಹೋಗಲು ಮುಜುಗರ ಅನ್ನುವುದು ನಿಜವಾದ ಕಾರಣ, ಅದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಇಲ್ಲಿಯ ಸೀನಿಯರ್‌ಗಳಿಗೆ ಒಂದು ಮಾತು.

ನೋಡಿ ಸೀನಿಯರ್‌ಗಳೇ, ಹೊಸಬರನ್ನು ಏರ್‌ಪೋರ್ಟಿನಿಂದ ಕರೆತರುತ್ತೀರಿ, ಮೊದಲ ವಾರ ಊಟ ಹಾಕುತ್ತೀರಿ, ಹಾಸಿಗೆ ಹುಡುಕಿ ಕೊಡುತ್ತೀರಿ. ಬಹಳ ದೊಡ್ಡ ಕೆಲಸ ಅದು. ಅದರ ಜೊತೆ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಎಲ್ಲರನ್ನೂ ಒಟ್ಟಿಗೆ ಲಾಸನ್‌ಗೆ ಕರೆದುಕೊಂಡು ಹೋಗಿ. ದೀಪಾವಳಿ ಕಾರ್ಯಕ್ರಮದ ರಿಹರ್ಸಲ್ ಇದ್ದರೆ ಅದನ್ನು ಮಧ್ಯಾಹ್ನ ಮುಗಿಸಿ. ಒಂದು ಸಲ ಹೋದವರಲ್ಲಿ ಅರ್ಧ ಜನ ಮತ್ತೆ ಬರುವುದಿಲ್ಲ, ಇರಲಿ. ಇನ್ನರ್ಧ ಜನಕ್ಕೆ ಜನವರಿಯ ಹೊತ್ತಿಗೆ ಮಾತಾಡಲು ಒಂದು ವಿಷಯ ಇರುತ್ತದೆ. ಲ್ಯಾಬ್‌ನಲ್ಲಿ, ಬಸ್‌ಸ್ಟಾಪಿನಲ್ಲಿ, ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಕೂಡ. ಈ ಊರಿನಲ್ಲಿ ಹವಾಮಾನ ಬಿಟ್ಟರೆ ಎಲ್ಲರೂ ಮಾತಾಡುವ ವಿಷಯ ಇದೊಂದೇ. ಹವಾಮಾನದ ಬಗ್ಗೆಯಂತೂ ಒಳ್ಳೆಯ ಮಾತು ಏನೂ ಇರುವುದಿಲ್ಲ.

ಇನ್ನು ಕೆಲವು ಕೆಲಸದ ಮಾತು. ವಿದ್ಯಾರ್ಥಿ ಟಿಕೆಟ್ ಹೇಗೆ ತೆಗೆದುಕೊಳ್ಳಬೇಕು ಅಂತ ಸೆಪ್ಟೆಂಬರ್‌ನಲ್ಲೇ ಯೂನಿವರ್ಸಿಟಿಯ ಟಿಕೆಟ್ ಆಫೀಸಿನಲ್ಲಿ ಕೇಳಿ. ಕಪ್ ಗೆದ್ದ ವರ್ಷ, ಈ ಸಲ ನೂಕುನುಗ್ಗಲು ಜಾಸ್ತಿ ಇರುತ್ತದೆ. ಅರ್ಧ ಗಂಟೆ ಮುಂಚೆ ಹೋಗಿ, ಆಟಗಾರರು ವಾರ್ಮ್‌ಅಪ್ ಮಾಡುವುದನ್ನು ನೋಡಬಹುದು. ಆಗಲೇ ಗಾಜಿಗೆ ಮೂಗು ತಾಗಿಸಿ ನಿಂತರೆ ಪಕ್ ಎಷ್ಟು ಜೋರಾಗಿ ಬರುತ್ತದೆ ಅಂತ ಗೊತ್ತಾಗುತ್ತದೆ. ಪಿರಿಯಡ್ ನಡುವೆ ಜಾಂಬೋನಿ ಗಾಡಿ ಬಂದು ಐಸ್ ನುಣ್ಣಗೆ ಮಾಡುತ್ತದೆ, ಅದನ್ನೂ ನೋಡಿ. ಯಾಕೆ ಅಂತ ಕೇಳಬೇಡಿ, ಎಲ್ಲರೂ ನೋಡುತ್ತಾರೆ. ಜಾಕೆಟ್ ಕಾರಿನಲ್ಲಿ ಬಿಟ್ಟು ಬರಬೇಡಿ, ಒಳಗೂ ಚಳಿ ಇರುತ್ತದೆ. ವೆಸ್ಟರ್ನ್ ಬಣ್ಣ ಕಂದು ಮತ್ತು ಹಳದಿ. ಹಳದಿ ಕುರ್ತಾ ಇದ್ದರೆ ಹಾಕಿಕೊಂಡು ಬನ್ನಿ, ನಡೆಯುತ್ತದೆ. ಮತ್ತೆ ಊಟ ಮಾಡಿಕೊಂಡೇ ಬನ್ನಿ. ಅರೀನಾದ ತಿಂಡಿಗೆ ದುಡ್ಡು ಜಾಸ್ತಿ, ರುಚಿ ಕಮ್ಮಿ.

ಇಂತಿ ನಿಮ್ಮ,
ಕ್ಯಾಲಮಜೂದ ಒಬ್ಬ ಕನ್ನಡಿಗ